ರಾಣಿ ಎಂಬ ಗಂಡುಮೊಲ

ಮೊಲ ಸಾಧುಪ್ರಾಣಿಯೆಂದು ಮೊದಲು ಬರೆದ ಮಹಾನುಭಾವ ಒಂದೇ ಮೊಲವನ್ನು ಸಾಕಿದ್ದನೆಂದು ತೋರುತ್ತದೆ. ನಾಲ್ಕನೆಯ ಇಯತ್ತೆಗೇ ಶಾಲೆಗೆ ಶರಣು ಹೇಳಿ, ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳ ಅಳತೆ ಬರೆಯುತ್ತ, ಮಿಕ್ಕ ವಿದ್ಯೆಯನ್ನು ಸಿಕ್ಕ ಪುಸ್ತಕಗಳಿಂದ ಸ್ವಂತ ಜವಾಬ್ದಾರಿಯ ಮೇಲೆ ಸಂಪಾದಿಸಿದ ನಾನು, ಅಚ್ಚಾದದ್ದನ್ನೆಲ್ಲ ಶಂಕಿಸುವುದನ್ನು ವ್ರತದಂತೆ ಪಾಲಿಸಿಕೊಂಡು ಬಂದವನು. ದುರ್ದೈವಕ್ಕೆ, ಬಾಯಿಮಾತಿಗೆ ಆ ವ್ರತ ಅನ್ವಯಿಸುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಹಳಿಯಾಳದ ಸಂತೆಯಲ್ಲಿ ಮೊಲ ಮಾರುವವನೊಬ್ಬ, "ಗಂಡು-ಹೆಣ್ಣು ಜೋಡಿ ಐತ್ರಿ, ಕಣ್ಣು ಮುಚ್ಚಿ ಒಯ್ರಿ" ಎಂದಾಗ, ಅಕ್ಷರಶಃ ಕಣ್ಣು ಮುಚ್ಚಿಯೇ ತಂದೆ.

ಹೆಂಡತಿ ಸುಶೀಲೆ ಅವಕ್ಕೆ ರಾಜಾ, ರಾಣಿ ಎಂದು ಹೆಸರಿಟ್ಟು ಕೊತ್ತಂಬರಿಯ ಉಪಚಾರ ಆರಂಭಿಸಿ, ಹಗಲೆಲ್ಲ ಮನೆಯೊಳಗೆ ತಿರುಗಲು ಬಿಟ್ಟಳು. ರಾಣಿಯೂ ಗಂಡೆಂಬ ಸತ್ಯ ನಾಲ್ಕು ತಿಂಗಳ ತರುವಾಯ ಸಮರಮುಖೇನ ಪ್ರಕಟವಾಯಿತು. ಹಿತ್ತಲ ಗೂಡಿನ ತುಂಬ ಬಿಳಿಯ ತುಪ್ಪಳ. ಅಣ್ಣತಮ್ಮಂದಿರ ಜಗಳ ಉಂಡೇಳುವತನಕವೆಂದು ವಾದಿಸಿ ಸಂಜೆಗೆ ಮತ್ತೆ ಒಟ್ಟಿಗೆ ಬಿಟ್ಟವನು ನಾನೇ. ರಾಣಿಯ ಕಿವಿ ಸೀಳಿತು.

"ನಿಮ್ಮ ಪುಸ್ತಕಾ ಓದಿ ಬಂದಿಲ್ರಿ ಅವು," ಎಂದು ಸುಶೀಲೆ ಅರಿಸಿನ ಹಚ್ಚಿದಳು.

ನಡುವೆ ಜಾಳಿಗೆ ಕಟ್ಟಿ ತಿಂಗಳೊಪ್ಪತ್ತು ಬೇರೆಯಿಟ್ಟೆವು. ಹಾಸಿದ ಹುಲ್ಲನ್ನು ನಿತ್ಯ ಅದಲುಬದಲು ಮಾಡಿ ಒಂದರ ವಾಸನೆಯನ್ನು ಇನ್ನೊಂದಕ್ಕೆ ರೂಢಿಸಿದೆವು. ಜಾಳಿಗೆ ಸರಿಸಿದೊಡನೆ ಮತ್ತದೇ ಗುರುಗುಟ್ಟುವಿಕೆ. ಕಡೆಗೆ ಒಂದನ್ನು ಕುಂಬಾರವಾಡದಲ್ಲಿರುವ ಸುಶೀಲೆಯ ತಮ್ಮ ಗಣಪತಿಗೆ ಕೊಡುವುದೆಂದಾಯಿತು. ಯಾವುದನ್ನು?

"ಎರಡೂ ಒಯ್ರಿ, ಅವನ ಆರಿಸ್ಲಿ. ನನ್ನ ಬಾಯಿಂದ ಹೆಸರು ಬರೂದಿಲ್ಲ," ಎಂದವಳು ನನ್ನನ್ನು ಬೀಳ್ಕೊಡಲು ಬಾಗಿಲಿಗೂ ಬರಲಿಲ್ಲ.

ಒಂದೇ ಬುಟ್ಟಿ, ನಡುವೆ ಒಂದು ರಟ್ಟು. ಬಸ್ಸು ಜೋಯಿಡಾ ದಾಟಿದ ಮೇಲೆ ರಸ್ತೆ ತನ್ನ ನಿಜಸ್ವರೂಪ ತೋರಿತು.

"ಕಾಕಾ, ಬುಟ್ಟಿ ಗುದ್ದಾಡಾಕತ್ತೈತಲ್ರಿ!" ಎಂದ ಕಂಡಕ್ಟರ್.

"ಒಳಗ ಇಬ್ರು ಗಂಡಸರದಾರಪಾ."

"ಹಂಗಾರ ಸೀಟು ಬಿಡಸ್ಲೇನ್ರಿ?"

ಬಸ್ಸೆಲ್ಲ ನಕ್ಕಿತು. ಮುಂದಿನ ತಗ್ಗಿನಲ್ಲಿ ಬುಟ್ಟಿಯೊಳಗಿನ ರಟ್ಟು ಮುರಿದ ಸದ್ದು ಕೇಳಿತು. ಮುಚ್ಚಳ ತೆಗೆದು ನೋಡುವ ಧೈರ್ಯ ನನಗಾಗಲಿಲ್ಲ. ಕುಂಬಾರವಾಡದಲ್ಲಿ ಗಣಪತಿಯೇ ತೆಗೆದ. ಒಂದಕ್ಕೊಂದು ಒತ್ತಿಕೊಂಡು, ಯಾವ ಕಾಲು ಯಾರದೆಂದು ತಿಳಿಯದಷ್ಟು ಮುದ್ದೆಯಾಗಿ, ಎರಡೂ ನಡುಗುತ್ತಿದ್ದವು.

"ಭಾವಾರ, ಇವನ್ನ ಹೆಂಗ ಅಗಲಸ್ಲಿ? ಪಾಪ ಹತ್ತತೈತಿ ನನಗ," ಎಂದ.

ಮರುದಿನ ಎರಡನ್ನೂ ಹೊತ್ತು ವಿಜಯಿಯಂತೆ ಮನೆಗೆ ಬಂದು ಹಳೆಯ ಗೂಡಿಗೆ ಬಿಟ್ಟೆ. ಅರೆನಿಮಿಷದಲ್ಲಿ ರಾಜಾ ಹಿಂಗಾಲು ಅಪ್ಪಳಿಸಿದ, ರಾಣಿ ಹಲ್ಲು ತೋರಿಸಿದ. ಸುಶೀಲೆ ಗೋಣಿಚೀಲವೊಂದನ್ನು ನಡುವೆ ಎಸೆದು ಬಿಡಿಸಿದಳು. ಬಸ್ಸಿನ ಬುಟ್ಟಿ ಯಾರ ಸ್ವತ್ತೂ ಆಗಿರಲಿಲ್ಲ, ಈ ಗೂಡಿನ ಮೂಲೆಮೂಲೆಗೂ ಇಬ್ಬರು ಹಕ್ಕುದಾರರು ಎಂಬುದು ನನಗೆ ಆಗ ಹೊಳೆಯಿತು.

"ಅವು ಕಾಲಿಡದ ಜಾಗಾ ಮನ್ಯಾಗ ಒಂದ ಐತಿ," ಎಂದಳು, ನನ್ನ ಓದುವ ಕೋಣೆಯತ್ತ ನೋಡುತ್ತ. ಕಸ ಗುಡಿಸಲೂ ನಾನು ಯಾರನ್ನೂ ಬಿಡದ ಕೋಣೆ ಅದು.

"ಅಲ್ಲಿ ಬ್ಯಾಡ."

"ಹಂಗಾರ ನಾಳಿನ ಬಸ್ಸಿಗೆ ಯಾವುದನ್ನ ಒಯ್ತೀರಿ, ನೀವ ಹೇಳ್ರಿ."

ಹೆಸರು ನನ್ನ ಬಾಯಿಂದಲೂ ಬರಲಿಲ್ಲ. ಪುಸ್ತಕಗಳನ್ನೆಲ್ಲ ಅಟ್ಟಕ್ಕೇರಿಸಿದೆ.

ಆ ಕೋಣೆಯಲ್ಲಿ ಮೊಲಗಳು ಮೊದಲೆರಡು ದಿನ ಅಟ್ಟಾಡಿಸಿಕೊಂಡವು, ಒಂದರ ಮೇಲೊಂದು ಹತ್ತಿ ಹಿರಿತನ ಸಾಧಿಸಿದವು. ಹಲ್ಲು ಮಾತ್ರ ತಾಗಿಸಲಿಲ್ಲ. ಕಸಬರಿಗೆ ಹಿಡಿದು ಕಾವಲಿದ್ದೆವು, ಪಾಳಿಯ ಮೇಲೆ. ಮೂರನೆಯ ಮಧ್ಯಾಹ್ನ ನನ್ನ ಪಾಳಿಗೆಂದು ಹೋದರೆ, ರಾಜಾ ಆ ಸೀಳುಕಿವಿಯನ್ನು ನೆಕ್ಕಿ ನೆಕ್ಕಿ, ಅದರ ಮೇಲೆಯೇ ಗದ್ದವಿಟ್ಟು ನಿದ್ದೆಹೋಗಿದ್ದ. ಸುಶೀಲೆ ನನ್ನ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಿದ್ದಳು. ಕುರ್ಚಿ ನನ್ನದೆನ್ನಲು ನಾನು ಬಾಯಿ ತೆರೆದದ್ದು ನಿಜ.

"ಶ್! ಎದ್ದಾವು. ಕೆಳಗ ಕೂಡ್ರಿ," ಎಂದಳು.

ಕೂತೆ.