ಹಳಿಯ ಪಕ್ಕ ನಿಂತಿದ್ದವಳು

ನಿನ್ನ ಅವ್ವ ಅಂದು ತಾನಾಗಿ ಹಿಂದೆ ಸರಿಯಲಿಲ್ಲ, ಗಿರಿಜಾ. ನಾನು ಸರಿಸಿದೆ. ನಿನ್ನ ಮದುವೆಯ ವಿಡಿಯೋ ತೆಗೆದ ರಫೀಕ್. ಈ ಮಾತನ್ನು ನಾಲ್ಕು ವರ್ಷ ಮುಚ್ಚಿಟ್ಟೆ — ಮುಚ್ಚಿಟ್ಟೆ ಅಂದರೆ ಸಾಲದು, ಅಳಿಸಿಹಾಕಿದೆ.

ಮದುವೆಗೆ ಎಂಟು ದಿನ ಇರುವಾಗ ನೀನು ಸ್ಟೇಷನ್ ರಸ್ತೆಯ ನನ್ನ ಸ್ಟುಡಿಯೋಕ್ಕೆ ಬಂದಿದ್ದೆ. ಅಪ್ಪ ತೀರಿದ ಮೇಲೆ ಅವ್ವ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ದುಡಿದು ನಿನ್ನನ್ನು ಓದಿಸಿದ್ದು, ಗಂಡನಿಲ್ಲದವಳು ಮುಂದೆ ನಿಂತು ಅಕ್ಷತೆಯ ಅಕ್ಕಿಕಾಳು ಹಾಕಬಾರದೆಂದು ದೊಡ್ಡಪ್ಪ ತಕರಾರು ತೆಗೆದದ್ದು, ಅವ್ವ ಹಾಕದಿದ್ದರೆ ಮಂಟಪಕ್ಕೇ ಬರುವುದಿಲ್ಲವೆಂದು ನೀನು ಹಟ ಹಿಡಿದು ಗೆದ್ದದ್ದು — ಎಲ್ಲ ಹೇಳಿದೆ. ಹೊರಡುವಾಗ ಬಾಗಿಲಲ್ಲಿ ನಿಂತು ಅಂದೆ:

“ಅಣ್ಣಾ, ನಮ್ಮವ್ವ ಅಕ್ಕಿಕಾಳು ಹಾಕೂದು ವಿಡಿಯೋದಾಗ ಬರಬೇಕು ನೋಡ್ರಿ. ಉಳಿದದ್ದು ಏನ್ ತಪ್ಪಿದ್ರೂ ನಡಿತೈತಿ.”

ನಾನು ಹೂಂ ಅಂದೆ. ಆದರೆ ನನ್ನ ಧ್ಯಾನವೆಲ್ಲ ಬೇರೆ ಕಡೆ ಇತ್ತು. ಸ್ಲೈಡರ್ ಒಯ್ಯಲೋ, ಹೊಸದಾಗಿ ತರಿಸಿದ ಡಾಲಿ ಒಯ್ಯಲೋ ಎಂಬುದೇ ನನಗೆ ದೊಡ್ಡ ಚಿಂತೆ. ಸ್ಲೈಡರ್ ಅಂದರೆ ಸ್ಟ್ಯಾಂಡಿನ ಮೇಲೆ ಕೂರುವ ಎರಡಡಿ ಪಟ್ಟಿ, ಕ್ಯಾಮೆರಾ ಅದರ ಮೇಲೆ ಜಾರುತ್ತದೆ. ಡಾಲಿ ಹಾಗಲ್ಲ. ನೆಲದ ಮೇಲೆ ಹಳಿ ಹಾಸಿ, ಗಾಲಿಯ ಗಾಡಿಯ ಮೇಲೆ ಕ್ಯಾಮೆರಾ ಕೂರಿಸಿ ತಳ್ಳಬೇಕು. ಬಬಲೇಶ್ವರದ ಆ ಮಂಟಪದ ಮುಂದಿನ ಜಾಗ ಇಕ್ಕಟ್ಟು. ಮುಂಚಿನ ದಿನ ಟೇಪು ಹಿಡಿದು ನಾನೇ ಅಳೆದಿದ್ದೆ, ಅಲ್ಲಿಗೆ ಸ್ಲೈಡರ್ ಸಾಕಿತ್ತು, ಧಾರಾಳ ಸಾಕಿತ್ತು. ಆದರೆ ಸ್ಲೈಡರ್ ಈಗ ಊರಿನ ಎಲ್ಲರ ಹತ್ತಿರವೂ ಇದೆ. ಈ ತುದಿಯಿಂದ ಆ ತುದಿಗೆ ತೇಲಿಹೋಗುವಂಥ ಉದ್ದನೆಯ ಶಾಟ್ ನನಗೆ ಬೇಕಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾನು ಮಂಟಪದಲ್ಲಿ ಹಿಡಿಸದಷ್ಟು ಹಳಿ ಚಾಚಿದೆ.

ಡಾಲಿಯ ಒಂದು ರೋಗ ನಿನಗೆ ಗೊತ್ತಿರಲಿಕ್ಕಿಲ್ಲ. ಹಳಿಯ ಮೇಲೆ ಒಂದು ಕಾಳು ಬಿದ್ದರೂ ಗಾಲಿ ಎಗರಿ ಶಾಟ್ ಕೆಡುತ್ತದೆ. ನಮ್ಮ ಕಡೆಯ ಮದುವೆಯಲ್ಲಿ ಸರಿಯಾಗಿ ಶಾಟ್ ತೆಗೆಯುವ ಗಳಿಗೆಗೇ ನಾಲ್ಕೂ ಕಡೆಯಿಂದ ಕಾಳು ಬೀಳುತ್ತವೆ. ಅದಕ್ಕೇ ಹಳಿಯ ಹತ್ತಿರ ಯಾರೂ ಬಾರದಂತೆ ಜನರನ್ನು ಮೊದಲೇ ಹಿಂದಕ್ಕೆ ಅಟ್ಟಿದ್ದೆ. ಅಂತರಪಟ ಹಿಡಿದಿದ್ದರು, ನಿನಗೆ ಈಚೆಯದು ಏನೂ ಕಾಣುತ್ತಿರಲಿಲ್ಲ. ಮಂಗಲಾಷ್ಟಕ ಮುಗಿಯುತ್ತ ಬಂದಿತ್ತು. ಕ್ಯಾಮೆರಾ ಶುರು ಮಾಡಿ ಗಾಡಿಗೆ ಕೈ ಹಚ್ಚಿದೆ — ಆಗ ಹಳಿಯ ಪಕ್ಕಕ್ಕೆ ಬಂದು ನಿಂತಳು ನಿನ್ನ ಅವ್ವ. ನೀಲಿ ಇಲಕಲ್ ಸೀರೆ, ಮುಷ್ಟಿ ತುಂಬ ಕಾಳು. ನೀನು ಎಲ್ಲಿ ನಿಲ್ಲು ಅಂದಿದ್ದೆಯೋ ಅಲ್ಲೇ ನಿಂತಿದ್ದಳು.

“ಯವ್ವಾ, ನೀವು ಇಲ್ಲಿ ನಿಂದ್ರಬ್ಯಾಡ್ರಿ. ಹಿಂದ ಸರೀರಿ.”

ಅಷ್ಟೇ. ಆಕೆ ನನ್ನ ಮುಖ ನೋಡಿದಳು. ಯಾಕೆ ಅಂತ ಕೇಳಲಿಲ್ಲ — ಕೇಳಿದ್ದರೆ ಗಾಲಿಯ ಕಥೆ ಹೇಳುತ್ತಿದ್ದೆನೇನೋ. ಕಾಳನ್ನು ಸೆರಗಿಗೆ ಕಟ್ಟಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಅಡುಗೆಮನೆಯ ಕಡೆ ಹೋಗಿಬಿಟ್ಟಳು. ಬಾಜಾ ಎದ್ದಿತು, ಪಟ ಸರಿಯಿತು, ಗಾಡಿ ಒಂದಿಷ್ಟೂ ಕುಲುಕದೆ ಉರುಳಿತು. ನನಗೆ ಖುಷಿಯಾಯಿತು, ಗಿರಿಜಾ. ಅದನ್ನೂ ಹೇಳಲೇಬೇಕು.

ಗಾಲಿಗೆ ಹೆದರಿ ಅಂದೆನೇ, ಅಥವಾ ಕುಂಕುಮವಿಲ್ಲದ ಆ ಹಣೆ ನನ್ನ ಚಂದದ ಶಾಟಿಗೆ — ಎಷ್ಟು ಕೆದಕಿದರೂ ನನಗೇ ಗೊತ್ತಾಗುವುದಿಲ್ಲ. ನಮ್ಮ ಮನೆಗಳಲ್ಲಿ ಈ ರೂಢಿ ಇಲ್ಲ, ತಿಳಿಯಲಿಲ್ಲ ಎಂದು ಜಾರಿಕೊಳ್ಳಬಹುದು. ಆದರೆ ಇಪ್ಪತ್ತು ವರ್ಷ ನಿಮ್ಮ ಮದುವೆಗಳನ್ನು ತೆಗೆದವನು ನಾನು. ಆ ಮಾತು ಆ ಹೆಂಗಸಿನ ಕಿವಿಗೆ ಹೇಗೆ ಬಿದ್ದಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ವಿಡಿಯೋ ನೋಡಿ ನೀನು ಫೋನ್ ಮಾಡಿದೆ. ಅವ್ವ ಎಲ್ಲಿ ಅಂದೆ. ಅವರೇ ಹಿಂದೆ ಸರಿದರು, ತಂಗಿ, ನಾನೇನು ಮಾಡಲಿ ಎಂದು ನಾನು ಅಂದೆ. ಅಷ್ಟರಲ್ಲಾಗಲೇ ಅವ್ವ ಬಂದು ನಿಂತ ತುಣುಕನ್ನೂ ನನ್ನ ದನಿಯನ್ನೂ ಕತ್ತರಿಸಿ ಅಲ್ಲಿಗೆ ಶಹನಾಯಿ ಹಚ್ಚಿದ್ದೆ. ಇಷ್ಟೆಲ್ಲ ಜಗಳವಾಡಿ ಗೆದ್ದುಕೊಟ್ಟರೂ ಅವ್ವ ಜನರಿಗೆ ಹೆದರಿ ಓಡಿದಳು ಎಂದು ನೀನು ನಂಬಿದೆ. ನಂಬಿಸಿದವನು ನಾನು.

ಹೋದ ತಿಂಗಳು ತಿಕೋಟದ ನಿನ್ನ ಅತ್ತೆಮನೆಗೆ ಮಗಳ ತೊಟ್ಟಿಲ ಕಾರ್ಯಕ್ಕೆ ನಾನು ಬಂದಿದ್ದೆ. ಸ್ಲೈಡರ್ ಒಂದನ್ನೇ ತಂದಿದ್ದೆ. ಚೊಚ್ಚಲ ಬಾಣಂತನಕ್ಕೂ ನೀನು ಜೈನಾಪುರದ ತವರಿಗೆ ಹೋಗಿರಲಿಲ್ಲವಂತೆ. ಜೈನಾಪುರದಿಂದ ತೊಟ್ಟಿಲು ಗೂಡ್ಸ್ ಆಟೋದಲ್ಲಿ ಬಂತು, ಅದರ ಜೊತೆ ಅವ್ವ ಬರಲಿಲ್ಲ. ನೀನು ಬಾಗಿಲ ಕಡೆ ನೋಡುತ್ತಿದ್ದದ್ದು ನನ್ನ ಕ್ಯಾಮೆರಾದಲ್ಲಿದೆ.

ಎಂಟು ದಿನದ ಮೇಲೆ ಅವ್ವ ನನ್ನ ಸ್ಟುಡಿಯೋಕ್ಕೆ ಬಂದಳು. ಮೊಮ್ಮಗಳದೊಂದು ಫೋಟೋ ಕೊಡುತ್ತೀರಾ ಎಂದು ಕೇಳಿದಳು. ಪ್ರಿಂಟ್ ಬರುವತನಕ ಕೂತಳು. ನಾನು ತಲೆ ಎತ್ತದಿದ್ದುದನ್ನು ಕಂಡು ನನಗೇ ಸಮಾಧಾನ ಹೇಳಿದಳು:

“ನಿಮ್ಮ ತಪ್ಪೇನೈತ್ರಿ ಅದರಾಗ. ಗಿರಿಜಾನ ನಿಮ್ಮ ಕಡಿಂದ ಹೇಳಿಸಿರಬೇಕು. ಅತ್ತಿಮನ್ಯಾರ ಮುಂದ ಅಕಿಗೂ ನಾಚಿಕಿ ಆಗಿರಬೇಕು. ಆ ಕಾಳು ಇನ್ನೂ ಡಬ್ಬಿಯಾಗ ಅದಾವ್ರಿ.”

ಅಲ್ಲ ಯವ್ವಾ, ನಾನೇ ಅಂದೆ — ಇಷ್ಟು ಹೇಳಲು ನಾಲಿಗೆ ಏಳಲಿಲ್ಲ. ಫೋಟೋ ಕೈಗಿಟ್ಟೆ. ಛಲೋ ಇರ್ರಿ ಎಂದು ಹರಸಿ ಹೋದಳು. ಆ ಹರಕೆ ನನ್ನನ್ನು ಸುಡುತ್ತಿದೆ, ತಂಗಿ. ನೀವಿಬ್ಬರೂ ಒಬ್ಬರ ಮೇಲೊಬ್ಬರು ಹೊರಿಸಿಕೊಂಡಿರುವ ತಪ್ಪು ನನ್ನೊಬ್ಬನದು, ಅದು ಗೊತ್ತಿರುವವನೂ ನಾನೊಬ್ಬನೇ. ನಾಳೆ ನನಗೇನಾದರೂ ಆದರೆ —

ಈ ಕಾಗದದ ಜೊತೆ ಪೆನ್‌ಡ್ರೈವ್ ಇದೆ. ಅದರಲ್ಲಿರುವುದು ಮೂಲ ವಿಡಿಯೋ, ಶಹನಾಯಿ ಇಲ್ಲ. ಸೌಂಡ್ ಪೂರ್ತಿ ಏರಿಸಿ ಕೇಳು. ಆಕೆ ಮುಂದೆ ಬಂದು ನಿಂತದ್ದನ್ನು ನೋಡು, ಆಮೇಲೆ ಕೇಳಿಸುವುದು ನನ್ನ ದನಿ. ನಿನ್ನ ಅವ್ವನ ಕಾಲಿಗೆ ಬೀಳಲು ನಾನು ಬಂದೇ ಬರುತ್ತೇನೆ. ಆದರೆ ಆ ಮಾತು ನಿನ್ನದಲ್ಲವೆಂಬುದನ್ನು ಆಕೆ ಮೊದಲು ನಿನ್ನ ಬಾಯಿಂದಲೇ ಕೇಳಲಿ.

ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈ. ಮೊದಲು ಮಗುವನ್ನು ಎತ್ತಿಕೊಂಡು ಜೈನಾಪುರದ ಬಸ್ಸು ಹತ್ತು.