ಸಕ್ಕರೆ ಇಲ್ಲದ ಕಾಫಿ

ನನ್ನ ಸೊಸೆ ಸ್ಲೊವೇನಿಯಾದವಳು. ಅವಳ ತಾಯಿಯೊಂದಿಗೆ ನಾಲ್ಕು ಮಾತಾಡಬೇಕೆಂದು ಕೋಬೆಯಲ್ಲಿ ಶನಿವಾರದ ಸ್ಲೊವೇನಿಯನ್ ತರಗತಿಗೆ ಸೇರಿದ್ದೆ. ವಾರವೆಲ್ಲ ಶಾಲೆಯಲ್ಲಿ ಪಾಠ ಹೇಳುವವಳು ಅಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ.

ಅಂದಿನ ಪಾಠ ಪಾನೀಯಗಳದು. ಪಕ್ಕದವರ ಇಷ್ಟವನ್ನು ಕೇಳಿಕೊಂಡು ಎಲ್ಲರಿಗೂ ತಿಳಿಸಬೇಕು. ನನ್ನ ಪಕ್ಕದಲ್ಲಿದ್ದವರು ನಿವೃತ್ತ ಬಸ್ ಚಾಲಕ ಮೊರಿತಾ ಸಾನ್. "ರಾದಾ ಇಮಾಮ್ ಕಾವೊ," ಎಂದೆ, ನನಗೆ ಕಾಫಿ ಇಷ್ಟ. ಸಕ್ಕರೆ ಇಲ್ಲದ್ದು ಎಂದೂ ಸೇರಿಸಿದೆ.

ಮೊರಿತಾ ಸಾನ್ ಎದ್ದು ನಿಂತು ನಿಧಾನವಾಗಿ ಸ್ಲೊವೇನಿಯನ್‌ನಲ್ಲಿ ಹೇಳಿದರು: "ಇವರು ಕಾಫಿ ಕುಡಿಯುತ್ತಾರೆ. ಇವರಿಗೆ ಕಾಫಿ ಇಷ್ಟವಿಲ್ಲ."

"ನಾನು ಹಾಗೆ ಹೇಳಲಿಲ್ಲವಲ್ಲ," ಎಂದೆ ಜಪಾನಿ ಭಾಷೆಯಲ್ಲಿ.

"ಸುಮಿಮಾಸೆನ್, ಕ್ಷಮಿಸಿ. ನಾಲ್ಕು ವಾರದಿಂದ ನೋಡುತ್ತಿದ್ದೇನೆ. ಫ್ಲಾಸ್ಕಿನಿಂದ ಒಂದೊಂದು ಗುಟುಕು ಕುಡಿದಾಗಲೂ ಔಷಧಿ ನುಂಗಿದವರ ಹಾಗೆ ಮುಖ ಮಾಡುತ್ತೀರಿ."

ಅದು ನನ್ನ ಯಜಮಾನರ ಕಾಫಿ. ಅವರಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಹನ್ನೊಂದು ವರ್ಷ ಜೊತೆಗೆ ನಾನೂ ಅದನ್ನೇ ಕುಡಿದಿದ್ದೆ. ಅವರು ಹೋಗಿ ಎಂಟು ತಿಂಗಳಾದರೂ ಬಿಟ್ಟಿರಲಿಲ್ಲ. ನನಗೆ ಇಷ್ಟವೆಂದೇ ನಂಬಿದ್ದೆ.

ಟೀಚರ್ ಮೆಲ್ಲಗೆ ಕೇಳಿದರು: "ಹಾಗಾದರೆ ನಿಮಗೆ ಯಾವುದು ಇಷ್ಟ?"

ಹಾಲು, ಚಹಾ, ಹಣ್ಣಿನ ರಸ ಎಲ್ಲದರ ಹೆಸರೂ ಬೋರ್ಡಿನ ಮೇಲಿತ್ತು. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ, ನನ್ನದು ಯಾವುದೆಂದು ಗೊತ್ತಾಗಲಿಲ್ಲ.

"ಪರವಾಗಿಲ್ಲ, ಮುಂದಿನ ವಾರ ಹೇಳಿ," ಎಂದರು.

ಮನೆಗೆ ಬರುವಾಗ ಕೊಂಬಿನಿ ಅಂಗಡಿಯಲ್ಲಿ ನಾಲ್ಕು ಬಗೆಯ ಬಾಟಲಿ ಕೊಂಡೆ. ಮೊದಲು ಬಾರ್ಲಿ ಚಹಾ ಕುಡಿದು ನೋಡಿದೆ. ಇಷ್ಟವಾಗಲಿಲ್ಲ. ಅಷ್ಟಾದರೂ ಗೊತ್ತಾಯಿತು.