ಇಪ್ಪತ್ತೇಳನೇ ಕಂಬ

ನಮ್ಮನೆಯವರು ಮೂವತ್ತೊಂದು ವರ್ಷ ಕಂಬ ಹತ್ತಿದವರು. ರೈಲು ಹಳಿಯ ಪಕ್ಕದಲ್ಲಿ ಸಾಲಾಗಿ ನಿಂತಿರುತ್ತಿದ್ದ ಟೆಲಿಫೋನ್ ಕಂಬಗಳನ್ನೂ ಅವುಗಳ ತಂತಿಯನ್ನೂ ನೋಡಿಕೊಳ್ಳುವುದು ಅವರ ಕೆಲಸ. ಮದುವೆಯಾದ ಹೊಸತರಲ್ಲಿ ನನ್ನ ಜೊತೆ ನಡೆಯುವಾಗಲೂ ಅವರ ಕಣ್ಣು ಮೇಲೆಯೇ. ಎದುರಿಗೆ ಹೊಂಡ ಬಂದರೆ ನಾನೇ ರಟ್ಟೆ ಹಿಡಿದು ಪಕ್ಕಕ್ಕೆ ಎಳೆಯಬೇಕು. ಇಂಥವರನ್ನು ನನಗೆ ಗಂಟುಹಾಕಿದವನು ನನ್ನ ಅಣ್ಣ.

ಅಣ್ಣನೂ ಅದೇ ಕೆಲಸದವನು. ಉದ್ದ ಕಾಲು, ಸಣಕಲು ಮೈ. ಕೆಲಸದಲ್ಲಿ ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಿದ್ದರು, ಆಮೇಲೆ ಮನೆಯಲ್ಲೂ ಅದೇ ಹೆಸರು ನಿಂತಿತು. ಇಬ್ಬರೂ ಜೋಡಿ, ಒಬ್ಬರು ಒಂದು ಕಂಬದ ಮೇಲಿದ್ದರೆ ಇನ್ನೊಬ್ಬರು ಮುಂದಿನದರ ಮೇಲೆ. ಭಾನುವಾರ ಬಂದರೆ ಅಣ್ಣನದು ನಮ್ಮ ಮನೆಯಲ್ಲೇ ಊಟ. ಸಾರಿಗೆ ಉಪ್ಪು ಕಡಿಮೆ, ಚಾಪೆಗೆ ತೂತು ಜಾಸ್ತಿ ಎಂದು ಕೊಂಕು ತೆಗೆಯುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದ. ನಾನು ಬೈಯುತ್ತಿದ್ದೆ. ಬೈಯದಿದ್ದರೆ ಮೈ ಹುಷಾರಿಲ್ಲವಾ ಎಂದು ಕೇಳುತ್ತಿದ್ದ.

ಆ ಅಣ್ಣ ನಮ್ಮ ಹೊಸ್ತಿಲು ತುಳಿದು ಹತ್ತೊಂಬತ್ತು ವರ್ಷವಾಯಿತು.

ಆ ದಾರಿಯ ತಂತಿಯೆಲ್ಲ ಬೇಡ, ಬಿಚ್ಚಿಹಾಕಿ ಎಂದು ಮೇಲಿನವರು ಹೇಳಿದ ವರ್ಷ ಅದು. ಬಿಚ್ಚುವುದಕ್ಕೂ ಒಂದು ಕ್ರಮವಿದೆಯಂತೆ. ಕಂಬವನ್ನು ಎರಡೂ ಕಡೆಯ ತಂತಿ ಸಮನಾಗಿ ಎಳೆಯುತ್ತಿರುತ್ತದೆ, ಹಾಗಾಗಿಯೇ ಅದು ನೆಟ್ಟಗೆ ನಿಲ್ಲುವುದು. ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆಯದು ಎಳೆದು ಕೆಡವುತ್ತದೆ. ಅದಕ್ಕೆ ಕತ್ತರಿಸುವ ಮೊದಲು ಆ ಕಂಬದ ತಲೆಯಿಂದ ನೆಲಕ್ಕೆ ಆಸರೆ ತಂತಿ ಬಿಗಿಯಬೇಕು. ಬಿಗಿದವನು ಕೈ ಎತ್ತುತ್ತಾನೆ. ಆಮೇಲೆಯೇ ಪಕ್ಕದ ಕಂಬದವನು ಕತ್ತರಿ ಹಾಕುವುದು. ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ, ಇಪ್ಪತ್ತೇಳನೇ ಕಂಬದ ಮೇಲೆ ಅಣ್ಣ ಆಸರೆ ಕಟ್ಟುತ್ತಿದ್ದ. ಇಪ್ಪತ್ತೆಂಟರ ಮೇಲಿದ್ದ ನಮ್ಮನೆಯವರು ಕತ್ತರಿಸಿಬಿಟ್ಟರು. ಕಂಬ ಅಣ್ಣನ ಸಮೇತ ಉರುಳಿತು. ಅವನ ಸೊಂಟದ ಮೂಳೆ ಮುರಿಯಿತು.

ವಿಚಾರಣೆಯಲ್ಲಿ ನಮ್ಮನೆಯವರು, ಅವನು ಕೈ ಎತ್ತಿದ್ದ ಎಂದರು. ಅಣ್ಣ, ಎತ್ತಿರಲಿಲ್ಲ ಎಂದ. ನೋಡಿದವರು ಬೇರೆ ಯಾರೂ ಇಲ್ಲ. ನಾನು ಆಸ್ಪತ್ರೆಗೆ ಹೋಗಿ, ಮಲಗಿದ್ದ ಅಣ್ಣನ ಮುಂದೆ ನಿಂತು, ನಿನ್ನ ಅವಸರಕ್ಕೆ ನನ್ನ ಗಂಡನ ಅನ್ನಕ್ಕೆ ಕಲ್ಲು ಹಾಕಬೇಡ, ಸುಳ್ಳು ಹೇಳಬೇಡ ಎಂದೆ. ಹೇಳಿದ್ದು ಹೆಂಡತಿಯಾಗಿ. ತಂಗಿ ಅನ್ನುವವಳು ಆ ಹೊತ್ತಿನಲ್ಲಿ ಎಲ್ಲಿ ಹೋಗಿದ್ದಳೋ. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಅವನು ಮಗಳ ಊರಿಗೆ ಹೋಗಿ ನೆಲೆಸಿದ. ಮೊದಲೆರಡು ವರ್ಷ ನನಗೂ ಹಟ. ಮೂರನೇ ವರ್ಷದಿಂದ ಭಾನುವಾರಗಳು ಕಷ್ಟವಾಗತೊಡಗಿದವು. ಈಗಲೂ ಅಂದು ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕುತ್ತೇನೆ. ನಮ್ಮನೆಯವರು ಯಾಕೆ ಎಂದು ಒಮ್ಮೆಯೂ ಕೇಳಿಲ್ಲ.

ಎರಡು ತಿಂಗಳ ಹಿಂದೆ ಎದುರು ಮನೆಯ ಗಡಿಯಾರ ರಿಪೇರಿಯವರು ಮನೆ ಖಾಲಿ ಮಾಡುವಾಗ, ತಮ್ಮ ಆಟದ ರೈಲನ್ನು ಇವರಿಗೆ ಕೊಟ್ಟುಹೋದರು. ಆಟದ್ದು ಎಂದರೆ ಆ ಪುಣ್ಯಾತ್ಮರಿಗೆ ಕೋಪ ಬರುತ್ತಿತ್ತು. ಎರಡು ಮಂಚದಷ್ಟು ದೊಡ್ಡ ಹಲಗೆ, ಅದರ ಮೇಲೆ ಹಳಿ, ಗುಡ್ಡ, ಸೇತುವೆ, ಎರಡು ಸ್ಟೇಷನ್, ಬೆರಳುದ್ದದ ಇಂಜಿನ್. ನನ್ನ ಹೊಲಿಗೆ ಕೋಣೆಯ ಅರ್ಧ ಅದಕ್ಕೆ ಹೋಯಿತು. ನಾನು ಬಟ್ಟೆ ಹರಡುವುದೆಲ್ಲಿ ಎಂದು ಎರಡು ದಿನ ರೇಗಾಡಿದೆ. ಇವರಿಗೆ ಅದು ಕೇಳಿಸಲೇ ಇಲ್ಲ. ಹಲಗೆಯ ಸುತ್ತ ಒಂದು ಸುತ್ತು ಬಂದು, ಕಂಬವೇ ಇಲ್ಲವಲ್ಲ ಎಂದರು, ಮನೆಗೆ ಬಾಗಿಲೇ ಇಲ್ಲ ಎನ್ನುವ ದನಿಯಲ್ಲಿ.

ಅಲ್ಲಿಂದ ಶುರುವಾಯಿತು ನೋಡಿ. ಬಿದಿರು ಕಡ್ಡಿ ಹೆರೆದು ಕಂಬ ಮಾಡಿದರು. ಹಲ್ಲುಕಡ್ಡಿ ಮುರಿದು ಅಡ್ಡಪಟ್ಟಿ ಅಂಟಿಸಿದರು. ಹೊಸ ಕಂಬ ಹೊಸದಾಗಿ ಕಾಣಬಾರದು ಎಂದು ಚಹಾದ ಚರಟದಲ್ಲಿ ಅದ್ದಿ ಒಣಗಿಸಿದರು. ತಂತಿ ಕೂರುವ ಪಿಂಗಾಣಿ ಬಟ್ಟಲುಗಳಿಗೆ ಏನು ಮಾಡುವುದೆಂದು ಒಂದು ದಿನ ಊಟ ಬಿಟ್ಟು ಕೂತಿದ್ದರು. ಮರುದಿನ ನನ್ನ ಬಿಳಿ ಮಣಿಸರ ಕಾಣೆ. ಕೇಳಿದರೆ, ಹೇಗೂ ಹಾಕ್ಕೊಳ್ತಿರಲಿಲ್ಲವಲ್ಲ ಎಂಬ ಉತ್ತರ.

ತಂತಿಗೆ ಮೊದಲು ನನ್ನ ಕಪ್ಪು ದಾರದ ಉಂಡೆಗೆ ಕೈಹಾಕಿದರು. ದಾರಕ್ಕೆ ಜುಂಗು ಇರುತ್ತದೆ, ಹತ್ತಿರದಿಂದ ನೋಡಿದರೆ ಕಂಬಳಿಹುಳ ಎಂದು ನಾನೇ ಹೇಳಿದೆ. ಮೇಣ ಉಜ್ಜಿ ಜುಂಗು ಕೂರಿಸಿದ್ದಾಯಿತು. ಆದರೂ ಇವರ ಮುಖ ಗಂಟು. ನಿಜವಾದ ತಂತಿ ತನ್ನ ಭಾರಕ್ಕೆ ನಡುವೆ ಒಂಚೂರು ಜೋತುಬೀಳುತ್ತದೆ, ಈ ದಾರಕ್ಕೆ ಭಾರವೇ ಇಲ್ಲ, ಬಟ್ಟೆ ಒಣಗಿಸುವ ಹಗ್ಗ ಬಿಗಿದ ಹಾಗೆ ನೆಟ್ಟಗೆ ನಿಂತಿದೆ ಎಂದು ಎಲ್ಲವನ್ನೂ ಕಿತ್ತರು. ಕೊನೆಗೆ ಕೆಟ್ಟುಹೋದ ಫ್ಯಾನಿನ ಸುರುಳಿಯಿಂದ ಕೂದಲಿನಂಥ ತಾಮ್ರದ ತಂತಿ ಬಿಚ್ಚಿದರು. ರಟ್ಟಿನಲ್ಲಿ ಬಾಗಿದ ಅಚ್ಚೊಂದನ್ನು ಕತ್ತರಿಸಿಕೊಂಡು, ಪ್ರತಿ ತಂತಿಯನ್ನೂ ಅದರ ಮೇಲೆ ಬೆರಳಾಡಿಸಿ ಬಾಗಿಸಿ, ಚಿಮುಟದಲ್ಲಿ ಹಿಡಿದು ಮಣಿಗೆ ಅಂಟಿಸುತ್ತಿದ್ದರು. ದಿನಕ್ಕೆ ಎರಡು ಕಂಬ. ಆ ಹೊತ್ತಿನಲ್ಲಿ ನಾನು ಮಿಷನ್ ತುಳಿಯುವಂತಿಲ್ಲ, ಹಲಗೆ ನಡುಗುತ್ತದಂತೆ.

ಒಂದು ವಿಷಯ ಗಮನಿಸಿದ್ದೆ. ಕೆಲಸ ನಿಲ್ಲಿಸುವ ಮೊದಲು ಕೊನೆಯ ಕಂಬಕ್ಕೆ ಒಂದು ಗುಂಡುಸೂಜಿ ಚುಚ್ಚಿ, ದಾರದಲ್ಲಿ ಆಸರೆ ಕಟ್ಟುತ್ತಿದ್ದರು. ಕಡ್ಡಿಗೂ ಆಸರೆ ಬೇಕಾ ಎಂದು ನಗಾಡಿದೆ. ಅವರು ನಗಲಿಲ್ಲ.

ಇಪ್ಪತ್ತೇಳನೇ ಕಂಬ ನೆಟ್ಟ ಮಧ್ಯಾಹ್ನ ಯಾರೋ ಗೇಟು ಬಡಿದರು. ನಮ್ಮನೆಯವರು ಎದ್ದುಹೋದರು, ಮಾತಿಗೆ ನಿಂತರು. ವಾಪಸು ಬಂದಾಗ ಆ ಕಂಬ ಅಡ್ಡಬಿದ್ದಿತ್ತು. ಅಂಟು ಇನ್ನೂ ಹಸಿ, ಆಸರೆ ಕಟ್ಟಿರಲಿಲ್ಲ, ಸುರುಳಿಯ ತಂತಿ ಒಂದೇ ಕಡೆಯಿಂದ ಎಳೆದುಕೊಂಡಿತ್ತು. ಎತ್ತಿ ನಿಲ್ಲಿಸುವುದು ಒಂದು ನಿಮಿಷದ ಕೆಲಸ. ಅವರು ಎಂಟು ದಿನ ಅದನ್ನು ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆಯಲ್ಲಿ ಕೈಯಾಡಿಸಿ ಎದ್ದುಹೋಗುತ್ತಿದ್ದರು. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದೆ.

ಒಂಬತ್ತನೇ ದಿನ ನಾನು ಪರದೆಯ ಅಂಚು ಮಡಚುತ್ತಾ ಕೂತಿದ್ದೆ. ಅವರು ಹಲಗೆಯ ಆ ಬದಿಯಲ್ಲಿ ನಿಂತಿದ್ದವರು, ನನ್ನ ಕಡೆ ನೋಡದೆ ಹೇಳಿದರು.

"ಅವನು ಕೈ ಎತ್ತಿರಲಿಲ್ಲ ಕಣೆ."

ಯಾರು ಎಂದು ಕೇಳಬೇಕಾಗಲಿಲ್ಲ.

"ಬಿಸಿಲು ಏರ್ತಿತ್ತು. ಅವನು ಕಟ್ಟಿರ್ತಾನೆ ಅಂದ್ಕೊಂಡೆ. ಯಾವತ್ತೂ ಅವನೇ ಮೊದಲು ಮುಗಿಸ್ತಿದ್ದ. ತಿರುಗಿ ನೋಡದೆ ಕತ್ತರಿಸ್ಬಿಟ್ಟೆ. ಆಮೇಲೆ ಹೆದರಿಕೆಯಾಯ್ತು."

ಅವರನ್ನು ಬಾಯಿಗೆ ಬಂದಂತೆ ಬೈಯಬೇಕಿತ್ತು, ಆ ಹಲಗೆಯನ್ನೇ ಬೀದಿಗೆ ಎಸೆಯಬೇಕಿತ್ತು. ನನ್ನ ಕೋಪ ಇಡೀ ಬೀದಿಗೆ ಗೊತ್ತಿರುವಂಥದ್ದು. ಆದರೆ ಅಂದು ಆಸ್ಪತ್ರೆಯ ಆ ಮಂಚದ ಮುಂದೆ ನಿಂತಿದ್ದ ನಾನೇ ನನ್ನ ಕಣ್ಣಿಗೆ ಕಾಣುತ್ತಿದ್ದೆ. ಅವನಿಗೆ ಹೇಳಬೇಕು, ಫೋನ್ ಮಾಡು ಎಂದು ನಮ್ಮನೆಯವರು ಗೋಗರೆದರು. ನಂಬರು ಅವರಿಗೂ ಬಾಯಿಪಾಠವಿತ್ತು. ಇಷ್ಟು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಅದನ್ನು ಇಟ್ಟುಕೊಂಡಿದ್ದೆವು.

ಅಣ್ಣನೇ ಎತ್ತಿದ. ದನಿ ಮುದಿಯಾಗಿತ್ತು, ಆದರೆ ಅವನದೇ. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದ, ಮೈ ಹುಷಾರಿಲ್ಲವಾ ಎಂದ. ನಾನು ಒಂದೇ ಉಸಿರಿಗೆ ಹೇಳಿದೆ: ಇವರು ಒಪ್ಪಿಕೊಂಡರು, ನೀನು ಕೈ ಎತ್ತಿರಲಿಲ್ಲವಂತೆ. ಲೈನು ಕಟ್ಟಾಯಿತೆಂದು ಎರಡು ಸಲ ಅಣ್ಣಾ ಎಂದೆ.

"ಅವನ ಮೇಲೆ ನನಗೆ ಕೋಪ ಇಲ್ಲ. ಹೆದರಿದ, ಹೇಳಿದ. ನಾನಾಗಿದ್ರೂ ಹಾಗೇ ಹೇಳ್ತಿದ್ನೇನೋ," ಎಂದ ಅಣ್ಣ. ಆಮೇಲೆ, "ನೀನು ನನ್ನನ್ನ ಒಂದು ಮಾತು ಕೇಳಬಹುದಿತ್ತು. ಒಂದೇ ಒಂದು ಸಲ. ನಾನು ಕಾದೆ," ಎಂದ.

ಮುಂದಿನ ಭಾನುವಾರ ಬಾ ಅಣ್ಣ ಎಂದೆ. ನೋಡೋಣ ಎಂದ. ಅವನ 'ನೋಡೋಣ' ನನಗೆ ಚಿಕ್ಕಂದಿನಿಂದ ಗೊತ್ತು, ಬರುವುದಿಲ್ಲ ಎಂದೇ ಅರ್ಥ.

ಫೋನ್ ಇಟ್ಟ ಮೇಲೆ ನಮ್ಮನೆಯವರು ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ನಿಮ್ಮ ಮೇಲೆ ಅವನಿಗೆ ಕೋಪ ಇಲ್ಲವಂತೆ ಎಂದೆ. ಅವರು ಕುರ್ಚಿಯ ಮೇಲೆ ಕುಸಿದು ಗಳಗಳನೆ ಅತ್ತರು. ಅಂದು ಹೊಟ್ಟೆ ತುಂಬ ಉಂಡರು. ಉಳಿದ ಮಾತನ್ನು ನಾನು ಅವರಿಗೆ ಹೇಳಲಿಲ್ಲ; ಅದು ನನಗೆ ಹೇಳಿದ್ದು. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನೊಬ್ಬಳೇ ಹೊರಡುತ್ತಿದ್ದೇನೆ. ಅವನು ಬಾಗಿಲು ತೆಗೆಯದಿದ್ದರೆ ಅವನ ಮೆಟ್ಟಿಲ ಮೇಲೆ ಕೂರುತ್ತೇನೆ. ಕಾಯುವ ಸರದಿ ಈಗ ನನ್ನದು.